ಥಂಡಿಯ ದಿನಗಳಲ್ಲಿ ಹಳೆಯ ಮಿಲಿಟರಿ ಟ್ರಕ್ಕಿನ ಆರೈಕೆ



ಥಂಡಿಯ ದಿನಗಳೆಂದರೆ ನಮ್ಮಲ್ಲಿ ಸಾಗಾಟದ ದಿನಗಳು. ಕಲಘಟಗಿ ಕಡೆ ಕಬ್ಬು ಕಡಿಯುವುದು, ಕುಂದಗೋಳ ಕಡೆ ಮೆಣಸಿನಕಾಯಿ ಬಿಡಿಸುವುದು ಆಗಲೇ. ಅದು ಮುಗಿಯುವುದರೊಳಗೆ ನವಲಗುಂದ, ಅಣ್ಣಿಗೇರಿಯ ಎರೆಹೊಲಗಳ ಕಡಲೆ ಕಣಕ್ಕೆ ಬರುತ್ತದೆ. ಮಾಲು ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟಬೇಕಾದರೆ ನಸುಕಿನಲ್ಲೇ ಗಾಡಿ ಬಿಡಬೇಕು. ಆಗಲೇ ಗಾಡಿ ಚಾಲೂ ಆಗದೆ ನಿಂತರೆ ಆಳಿನ ಕೂಲಿಯೂ ಹೋಯಿತು, ಅಂದಿನ ಧಾರಣಿಯೂ ತಪ್ಪಿತು.

ಲಿಲಾವಿನಲ್ಲಿ ಹಿಡಿದ ಹಳೆಯ ಮಿಲಿಟರಿ ಟ್ರಕ್ಕು ನಿಮ್ಮಲ್ಲಿ ಕೆಲವರ ಮನೆ ಮುಂದೆ ಇರಬಹುದು, ಕೆಲವರಿಗೆ ಕೊಳ್ಳುವ ವಿಚಾರ ಇರಬಹುದು. ನಾಲ್ಕೂ ಗಾಲಿಗಳಿಗೆ ಎಳೆತ ಇರುವ ಗಾಡಿ ಎರೆಮಣ್ಣಿನ ರಾಡಿಯಲ್ಲೂ ಹಾಯ್ದು ಬರುತ್ತದೆ ಎಂಬುದೇ ಅದರ ಮೇಲಿನ ಆಸೆಗೆ ಕಾರಣ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಿಂದ ಜಬಲಪುರದಲ್ಲಿ 1959ರಿಂದ 1996ರವರೆಗೆ ತಯಾರಾದ ಶಕ್ತಿಮಾನ್ ಟ್ರಕ್ಕಿನ ಹೆಸರು ನೀವು ಕೇಳಿರಬಹುದು. "ಲಡಾಖದ ಹಿಮದಾಗ ಓಡಿದ ಗಾಡಿಗೆ ನಮ್ಮೂರ ಥಂಡಿ ಯಾವ ಲೆಕ್ಕರೀ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಆದರೆ ನೋಡ್ರಿ, ಅಲ್ಲಿ ಆ ಗಾಡಿಯ ಹಿಂದೆ ಮಿಲಿಟರಿಯ ವರ್ಕಶಾಪು ಇತ್ತು, ನಿತ್ಯದ ತಪಾಸಣೆ ಇತ್ತು. ಇಲ್ಲಿ ಅದರ ಹಿಂದೆ ಇರುವವರು ನೀವೊಬ್ಬರೇ.

ಮೊದಲು ಥಂಡಿ ಏನು ಮಾಡುತ್ತದೆ ಎಂಬುದನ್ನು ತಿಳಿಯೋಣ. ನಮ್ಮ ಜಿಲ್ಲೆಯಲ್ಲಿ ಡಿಸೆಂಬರ, ಜನೇವರಿಯ ನಸುಕಿನಲ್ಲಿ ಉಷ್ಣತೆ ಸಾಧಾರಣವಾಗಿ 13ರಿಂದ 15 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ ಹೋಗುತ್ತದೆ. ಇಷ್ಟು ಥಂಡಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ. ನವೆಂಬರದಿಂದ ಫೆಬ್ರುವರಿವರೆಗೆ ಮಾರುವ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರಿನಲ್ಲಿ ಕಟ್ಟಿಕೊಳ್ಳಬಾರದೆಂದು ಸರಕಾರದ ಮಾನಕವೇ ಇದೆ. ಲಡಾಖದ ಮಾತು ಬೇರೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ, ಸೊನ್ನೆಯ ಕೆಳಗೆ 33 ಡಿಗ್ರಿಯವರೆಗೂ ಹರಿಯುವ ಡೀಸೆಲನ್ನು ಹೊರತಂದಿತು. ಆದ್ದರಿಂದ "ಡೀಸೆಲ್ ಗಟ್ಟಿ ಆಗೇತಿ" ಎಂದು ಟಾಕಿಯ ಕೆಳಗಾಗಲಿ, ಇಂಜಿನ್ನಿನ ಕೆಳಗಾಗಲಿ ಕಣಿಕೆ, ಚಿಂದಿಬಟ್ಟೆ ಹಚ್ಚಿ ಕಾಯಿಸುವುದನ್ನು ಯಾರೂ ಮಾಡಬ್ಯಾಡ್ರಿ. ಹಳೆಯ ಗಾಡಿಯಲ್ಲಿ ಆಯಿಲು ಒಸರಿರುತ್ತದೆ, ಪಕ್ಕದಲ್ಲೇ ಬಣವೆ ಇರುತ್ತದೆ. ಒಂದು ಕಿಡಿ ಸಾಕು, ಗಾಡಿಯೂ ಹೋದೀತು, ದನಗಳ ಮೇವೂ ಹೋದೀತು.

ಹಾಗಾದರೆ ಗಾಡಿ ಏಕೆ ಹಟ ಹಿಡಿಯುತ್ತದೆ? ಡೀಸೆಲ್ ಇಂಜಿನ್ನಿನಲ್ಲಿ ಬೆಂಕಿ ಹತ್ತಿಸುವ ಕಿಡಿ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ, ಆ ಕಾದ ಗಾಳಿಯಲ್ಲಿ ಡೀಸೆಲ್ ಹತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿದ್ದೀರಿ. ಇಂಜಿನ್ನು ಬಿರುಸಿನಿಂದ ತಿರುಗಿದರೇನೇ ಗಾಳಿ ಸಾಕಷ್ಟು ಕಾಯುತ್ತದೆ. ಥಂಡಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಅದೇ ಹೊತ್ತಿಗೆ ಆಯಿಲು ಮಂದವಾಗಿ ತಿರುಗುವುದೂ ಬಿಗಿಯಾಗುತ್ತದೆ. ಎತ್ತು ಸೊರಗಿದಾಗಲೇ ನೇಗಿಲು ಬಿಗಿಯಾಯಿತು ಅನ್ನಿ. ಹೊಸ ಗಾಡಿ ಇದನ್ನು ತಾಳಿಕೊಳ್ಳುತ್ತದೆ. ಒಳಗೆ ಸವೆದ ಹಳೆಯ ಗಾಡಿ ತಾಳುವುದಿಲ್ಲ. ಬೇಸಿಗೆಯಲ್ಲಿ ಅಡಗಿದ್ದ ದೋಷವನ್ನು ಥಂಡಿ ಹೊರಗೆ ಹಾಕುತ್ತದೆ, ಅಷ್ಟೇ.

ಇನ್ನು ಮಾಡಬೇಕಾದ ಕೆಲಸಗಳು.

ಒಂದನೆಯದು ಬ್ಯಾಟರಿ. ಮಿಲಿಟರಿ ಟ್ರಕ್ಕುಗಳಲ್ಲಿ ಹೆಚ್ಚಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟು ಮಾಡಿರುತ್ತಾರೆ. ತುಂಬಿದ ಬ್ಯಾಟರಿ, ಗಾಡಿ ನಿಂತಿರುವಾಗ, ಸುಮಾರು 12.6 ವೋಲ್ಟು ತೋರಿಸಬೇಕು. 12.2ಕ್ಕೆ ಇಳಿದರೆ ಅರ್ಧ ಖಾಲಿ ಎಂದು ತಿಳಿದು ಚಾರ್ಜು ಮಾಡಿಸಿ. ಒಂದು ಹಳೆಯದು, ಒಂದು ಹೊಸದು ಕೂಡಿಸಬೇಡಿ. ಜೋಡೆತ್ತಿನಲ್ಲಿ ಒಂದು ಮುದಿ, ಒಂದು ಹೋರಿ ಹೂಡಿದಂತೆ ಆಗುತ್ತದೆ. ತುದಿಗಳಿಗೆ ಹಿಡಿದ ಕಿಲುಬನ್ನು ಕೆರೆದು ಬಿಗಿ ಮಾಡಿ. ಬಾವಿಯ ನೀರು ಹಾಕದೆ ಬಟ್ಟಿ ಇಳಿಸಿದ ನೀರನ್ನೇ ಹಾಕಿ.

ಎರಡನೆಯದು ಆಯಿಲು. ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ಥಂಡಿ ಬೀಳುವ ಮೊದಲು ಬದಲಿಸಿ. 15ಡಬ್ಲ್ಯು-40 ದರ್ಜೆಗೆ ಪುಸ್ತಕದ ಒಪ್ಪಿಗೆ ಇದ್ದರೆ, ಬರಿಯ 40ರ ಆಯಿಲಿಗಿಂತ ಅದು ನಸುಕಿನಲ್ಲಿ ಬೇಗ ಹರಿಯುತ್ತದೆ.

ಮೂರನೆಯದು ನೀರು. ಅರ್ಧ ತುಂಬಿದ ಟಾಕಿಯೊಳಗೆ ರಾತ್ರಿಯ ತಂಪಿಗೆ ಹನಿ ಕಟ್ಟಿ ಡೀಸೆಲಿನ ತಳಕ್ಕೆ ನೀರು ಸೇರುತ್ತದೆ. ಆದ್ದರಿಂದ ಸಂಜೆಯೇ ಡೀಸೆಲ್ ತುಂಬಿಸಿಡಿ, ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯಿರಿ. ಗಾಳಿ ಬ್ರೇಕಿನ ಗಾಡಿಯಾದರೆ ಗಾಳಿ ಟಾಕಿಯ ನೀರನ್ನೂ ದಿನಾಲು ಬಸಿಯಬೇಕು.

ನಾಲ್ಕನೆಯದು ಥರ್ಮೋಸ್ಟಾಟು. ಬೇಸಿಗೆಯಲ್ಲಿ ಇಂಜಿನ್ನು ಕಾಯುತ್ತದೆಂದು ಇದನ್ನು ಕಿತ್ತು ಒಗೆಯುವ ರೂಢಿ ಇದೆ. ಅದಿಲ್ಲದಿದ್ದರೆ ಥಂಡಿಯಲ್ಲಿ ಇಂಜಿನ್ನು ಬಿಸಿಯೇರದೆ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಮತ್ತೆ ಹಾಕಿಸಿ.

ಚಾಲೂ ಮಾಡುವಾಗ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫು ಹೊಡೆಯಬೇಡಿ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಮೂರು ಸಲಕ್ಕೂ ಆಗದಿದ್ದರೆ ಹೊಗೆ ಕೊಳವೆ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ಮುಟ್ಟುತ್ತಿದೆ, ಹತ್ತುತ್ತಿಲ್ಲ; ಬ್ಯಾಟರಿ ಇಲ್ಲವೆ ಸವೆತ ಕಾರಣ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಮುಟ್ಟಿಲ್ಲ. ಕೊಳವೆಯಲ್ಲಿ ಗಾಳಿ ಸೇರಿದೆ ಅಥವಾ ಫಿಲ್ಟರು ಕಟ್ಟಿದೆ. ದಿನಾ ಬೆಳಿಗ್ಗೆ ಕೈಪಂಪು ಒತ್ತಿದರೇನೇ ಚಾಲೂ ಆಗುವುದಾದರೆ ಎಲ್ಲೋ ಒಂದು ವಾಶರು ಸೋರುತ್ತಿದೆ. ಇಷ್ಟು ಹೇಳಿದರೆ ಮಿಸ್ತ್ರಿಯ ಅರ್ಧ ಕೆಲಸ ನೀವೇ ಮಾಡಿದಂತಾಯಿತು.

ಗಾಳಿ ಬ್ರೇಕಿನ ಗಾಡಿಯನ್ನು ಇಳಿಜಾರಿನಲ್ಲಿ ದಬ್ಬಿ ಚಾಲೂ ಮಾಡಬೇಡಿ. ಇಂಜಿನ್ನು ಓಡಿ ಗಾಳಿ ತುಂಬುವವರೆಗೆ ಬ್ರೇಕಿನ ಭರವಸೆ ಇಲ್ಲ, ಮುಂದೆ ಮಕ್ಕಳು ಆಡುತ್ತಿರಬಹುದು. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ನು ಓಡಿಸಿ ಬಿಡಬೇಡಿ. ಆ ಹೊಗೆಯಲ್ಲಿ ಬಣ್ಣ, ವಾಸನೆ ಇಲ್ಲದ ವಿಷಗಾಳಿ ಇದೆ. ಮಲಗಿದ ಮನುಷ್ಯನನ್ನೂ, ಕಟ್ಟಿದ ದನವನ್ನೂ ಕೊಲ್ಲುತ್ತದೆ. ಮನೆಯ ತಾಯಂದಿರು ಇದೊಂದನ್ನು ಕಡ್ಡಾಯವಾಗಿ ಕಾಯಬೇಕು.

ಕೊಳ್ಳುವವರಿಗೆ ಎರಡು ಮಾತು. ಮಿಲಿಟರಿ ಗಾಡಿಯನ್ನು ನೋಂದಾಯಿಸಲು ಮಿಲಿಟರಿ ಅಧಿಕಾರಿಗಳು ಕೊಟ್ಟ 21ನೆಯ ನಮೂನೆಯ ಅಸಲು ಮಾರಾಟ ಪತ್ರ ಬೇಕು. ಅದಿಲ್ಲದ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಕಬ್ಬಿಣದ ಬೆಲೆಯದೇ. ಹಣ ಕೊಡುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಬಿಡಿ ಸಾಮಾನು ಸಿಗುತ್ತದೆಯೇ ಎಂದು ಮಿಸ್ತ್ರಿಯನ್ನೂ ಕೇಳಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮಿಲಿಟರಿಯ ಆಲಿವ್ ಹಸಿರು ಬಣ್ಣ ಬೇರೆಯವರ ಗಾಡಿಗೆ ಸಲ್ಲದು, ಬಣ್ಣ ಬದಲಿಸಲೇಬೇಕು.

ಮಹಾನವಮಿಗೆ ಖಂಡೆ ಪೂಜೆ ಮಾಡಿ ಗಾಡಿಗೆ ಹೂಮಾಲೆ ಹಾಕುತ್ತೀರಿ. ಈ ವರ್ಷ ಮಾಲೆಗೆ ಮುಂಚೆ ಬ್ಯಾಟರಿ, ಆಯಿಲು, ಫಿಲ್ಟರು ನೋಡಿರಿ. ಥಂಡಿ ಬರುವುದು ಅದಾದ ಮೇಲೆಯೇ.