ನಿಮಗಿದು ಗೊತ್ತೇ? ಆಲೂಗಡ್ಡೆ ಹುಟ್ಟಿದ್ದು ಟೊಮೆಟೊ ಕುಲದಲ್ಲಿ!

ಮಸಾಲೆ ದೋಸೆಯ ಪಲ್ಯದಲ್ಲಿರುವ ಆಲೂಗಡ್ಡೆ ಇದೆಯಲ್ಲ, ಅದನ್ನು ಹೆತ್ತವರಲ್ಲಿ ಒಬ್ಬರು ಟೊಮೆಟೊ ಕುಲದವರು! ಸುಮಾರು 90 ಲಕ್ಷ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಟೊಮೆಟೊದ ಪೂರ್ವಜ ಗಿಡ 'ಎಟ್ಯೂಬರೋಸಮ್' ಎಂಬ ಇನ್ನೊಂದು ಗುಂಪಿನ ಗಿಡದೊಡನೆ ಬೆರೆಯಿತು. ಹುಟ್ಟಿದ್ದು ಆಲೂಗಡ್ಡೆಯ ವಂಶ. ಚೀನಾದ ವಿಜ್ಞಾನಿಗಳ ನೇತೃತ್ವದ ತಂಡ ನೂರಾರು ಆಲೂಗಡ್ಡೆಗಳ ಡಿಎನ್‌ಎ ಓದಿ, 2025ರಲ್ಲಿ ಈ ಗುಟ್ಟು ಬಿಚ್ಚಿಟ್ಟಿತು.

ನಿಲ್ಲಿ, ಅಸಲಿ ಸೋಜಿಗ ಇನ್ನೂ ಇದೆ. ಟೊಮೆಟೊ ಗಿಡದ ಬುಡ ಅಗೆದರೆ ಗೆಡ್ಡೆ ಸಿಗುತ್ತದೆಯೇ? ಇಲ್ಲ. ಎಟ್ಯೂಬರೋಸಮ್‌ಗೂ ಗೆಡ್ಡೆಯಿಲ್ಲ. ಅಪ್ಪನಿಗೂ ಇಲ್ಲ, ಅಮ್ಮನಿಗೂ ಇಲ್ಲ, ಮಗುವಿಗೆ ಎಲ್ಲಿಂದ ಬಂತು? 'ಗೆಡ್ಡೆ ಕಟ್ಟು' ಎಂದು ಸೂಚನೆ ಕೊಡುವ ಜೀನ್ ಬಂದದ್ದು ಟೊಮೆಟೊ ಕಡೆಯಿಂದ. ನೆಲದಡಿಯ ಕಾಂಡವನ್ನು ಬೆಳೆಸುವ ಜೀನ್ ಬಂದದ್ದು ಇನ್ನೊಂದು ಕಡೆಯಿಂದ. ಎರಡೂ ಒಂದೇ ಗಿಡದಲ್ಲಿ ಸೇರಿದ್ದರಿಂದಲೇ ಗೆಡ್ಡೆ ಕಟ್ಟಿತು!

ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದವರೇ, ಇದು ನಿಮಗೆ. ಅರೇಬಿಕಾ ಮತ್ತು ರೋಬಸ್ಟಾ ಬರಿಯ ದಾಯಾದಿಗಳಲ್ಲ. ಅರೇಬಿಕಾವನ್ನು ಹೆತ್ತವರಲ್ಲಿ ರೋಬಸ್ಟಾ ಕೂಡ ಒಬ್ಬರು! ಇನ್ನೊಬ್ಬರು 'ಯುಜೆನಿಯಾಯ್ಡಿಸ್' ಎಂಬ ಕಾಡು ಕಾಫಿ. 2024ರ ಸಂಶೋಧನೆಯ ಪ್ರಕಾರ ಈ ಬೆರಕೆ ನಡೆದದ್ದು 6 ಲಕ್ಷ ವರ್ಷಗಳಿಗೂ ಹಿಂದೆ, ಮನುಷ್ಯನ ಕೈ ತಾಗದ ಕಾಡಿನಲ್ಲಿ. ರೋಬಸ್ಟಾಕ್ಕೆ 22 ಕ್ರೋಮೋಸೋಮುಗಳು, ಅರೇಬಿಕಾಕ್ಕೆ 44. ಹೆತ್ತವರಿಬ್ಬರ ಆಸ್ತಿಯನ್ನೂ ಪಾಲು ಮಾಡದೆ ಪೂರ್ತಿ ಇಟ್ಟುಕೊಂಡಿದೆ!

ಸಂಕ್ರಾಂತಿಗೆ ಅವರೆಕಾಯಿಯ ಜೊತೆ ಬೇಯಿಸುವ ಗೆಣಸು? ಅದರೊಳಗೆ ಬ್ಯಾಕ್ಟೀರಿಯಾದ ಜೀನ್ ಇದೆ! ಯಾವ ಲ್ಯಾಬಿನಲ್ಲೂ ಸೇರಿಸಿದ್ದಲ್ಲ. ಮಣ್ಣಿನಲ್ಲಿರುವ ಅಗ್ರೊಬ್ಯಾಕ್ಟೀರಿಯಂ ಸಾವಿರಾರು ವರ್ಷಗಳ ಹಿಂದೆ ತಾನಾಗಿಯೇ ಸೇರಿಸಿಬಿಟ್ಟಿದೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಸಾಯದ ಗೆಣಸಿನ 291 ಬಗೆಗಳನ್ನು ಪರೀಕ್ಷಿಸಿದರು. 291ರಲ್ಲೂ ಇತ್ತು!

ಯಾರಿಗೆ ಜೀನ್ ಹೆಚ್ಚು, ನಿಮಗೋ ರಾಗಿಗೋ? ರಾಗಿಗೆ! ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು 20 ಸಾವಿರದ ಆಸುಪಾಸು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 'ಎಂಎಲ್-365' ರಾಗಿಯ ಜೀನೋಮ್ ಓದಿ, 2017ರಲ್ಲಿ ಪ್ರಕಟಿಸಿದಾಗ ಸಿಕ್ಕ ಲೆಕ್ಕ 85,243. ಮುದ್ದೆ ಮುರಿಯುವಾಗ ನೆನಪಿರಲಿ!

ಡಿಎನ್‌ಎ ಉದ್ದದಲ್ಲಿ ಗೆದ್ದವರು ಯಾರು? ಆನೆಯಲ್ಲ, ತಿಮಿಂಗಿಲವೂ ಅಲ್ಲ. ನ್ಯೂ ಕ್ಯಾಲೆಡೋನಿಯಾ ದ್ವೀಪದ ಒಂದು ಪುಟ್ಟ ಜರಿಗಿಡ! ಹೆಸರು 'ಟ್ಮೆಸಿಪ್ಟೆರಿಸ್ ಒಬ್ಲಾನ್ಸಿಯೊಲಾಟಾ'. ಅದರ ಜೀನೋಮಿನಲ್ಲಿ 16,000 ಕೋಟಿ ಅಕ್ಷರಜೋಡಿಗಳಿವೆ ಎಂದು 2024ರಲ್ಲಿ ಗೊತ್ತಾಯಿತು. ನಮ್ಮದು ಸುಮಾರು 300 ಕೋಟಿ, ಅಷ್ಟೇ. ಈ ಜರಿಗಿಡದ ಒಂದೇ ಒಂದು ಜೀವಕೋಶದ ಡಿಎನ್‌ಎ ಬಿಡಿಸಿ ಹಾಸಿದರೆ 100 ಮೀಟರ್ ದಾಟುತ್ತದೆ!

ಮೆಂಡೆಲ್ ಬಟಾಣಿ ಗಿಡದ ಏಳು ಗುಣಗಳನ್ನು ಲೆಕ್ಕಹಾಕಿ ತನ್ನ ಪ್ರಬಂಧ ಓದಿದ್ದು 1865ರಲ್ಲಿ. ಆ ಏಳರಲ್ಲಿ ಕೊನೆಯ ಮೂರು ಗುಣಗಳ ಹಿಂದಿನ ಜೀನ್‌ಗಳು ಸ್ಪಷ್ಟವಾಗಿ ಸಿಕ್ಕಿದ್ದು ಯಾವಾಗ ಗೊತ್ತೇ? 2025ರಲ್ಲಿ! ಶಾಲೆಯಲ್ಲಿ ಉರುಹೊಡೆದ ಪಾಠಕ್ಕೆ 160 ವರ್ಷ ಉತ್ತರ ಬಾಕಿಯಿತ್ತು.

ಇನ್ನು ಈ ಕಳ್ಳತನ ನೋಡಿ. ಹತ್ತಿ, ಟೊಮೆಟೊ ಬೆಳೆಯುವ ರೈತರಿಗೆ ಬಿಳಿನೊಣ ಹಳೆಯ ಶತ್ರು. ಗಿಡಗಳು ಹುಳುಗಳನ್ನು ದೂರವಿಡಲು ವಿಷ ತಯಾರಿಸುತ್ತವೆ. ಆ ವಿಷ ತಮಗೇ ತಗುಲದಂತೆ ಅದನ್ನು ನಿರುಪದ್ರವಿ ಮಾಡುವ ಜೀನ್ ಕೂಡ ಇಟ್ಟುಕೊಂಡಿವೆ. ಬಿಳಿನೊಣ ಅದೇ ಜೀನನ್ನು ಯಾವುದೋ ಕಾಲದಲ್ಲಿ ಗಿಡದಿಂದಲೇ ಎಗರಿಸಿದೆ! ಗಿಡದ ಜೀನ್ ಕೀಟದೊಳಗೆ ಹೋಗಿ ಕೆಲಸ ಮಾಡುವುದು ಕಂಡದ್ದು ಅದೇ ಮೊದಲು, 2021ರಲ್ಲಿ. ಚೀನಾದ ಸಂಶೋಧಕರು ಅಲ್ಲಿಗೇ ಬಿಡಲಿಲ್ಲ. ಕದ್ದ ಜೀನಿನ ಬಾಯಿ ಮುಚ್ಚಿಸುವ ಟೊಮೆಟೊ ಗಿಡ ಬೆಳೆಸಿದರು. ಅದರ ರಸ ಹೀರಿದ ಬಿಳಿನೊಣಗಳು ಹೆಚ್ಚುಕಡಿಮೆ ಎಲ್ಲವೂ ಸತ್ತವು. ಪರೀಕ್ಷಿಸಿದ ಬೇರೆ ಕೀಟಗಳಿಗೆ ಏನೂ ಆಗಲಿಲ್ಲ!