ಹಳದಿ ದೀಪ ಹೊತ್ತಿಕೊಂಡಾಗ

ಚಳ್ಳಕೆರೆಯಿಂದ ಮೊಳಕಾಲ್ಮೂರಿನತ್ತ ಪಯಣಿಸುವವರ ಕಣ್ಣಿಗೆ ಬೀಳುವುದು ಬಯಲೇ ಹೆಚ್ಚು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ರಾಸುಗಳು ಮೇಯುತ್ತಿದ್ದ ಹುಲ್ಲುಗಾವಲುಗಳ ಸೀಮೆಯಿದು. ಇಲ್ಲಿಯ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವು 2017ರ ಮೇ 28ರಂದು ಉದ್ಘಾಟನೆಯಾಯಿತು. ಚಾಲಕನಿಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಸ್ಥಳವದು. ಅಂಥ ವಿಮಾನದ ಎಂಜಿನ್ನು ಆಕಾಶದಲ್ಲಿ ಹೇಗಿದೆಯೆಂಬುದನ್ನು ನೆಲದಲ್ಲಿರುವವರು ರೇಡಿಯೋ ಮೂಲಕ ಬರುವ ಅಂಕಿಗಳಿಂದಲೇ ಅರಿಯಬೇಕು. ಕೆಳಗೆ ರಸ್ತೆಯಲ್ಲಿ ಸಂಸಾರಸಮೇತ ಹೊರಟ ಗೃಹಸ್ಥನಿಗೆ ಅಷ್ಟು ಅನುಕೂಲವೆಲ್ಲಿ? ಸ್ಟೀರಿಂಗಿನ ಹಿಂದೆ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ, ಅಷ್ಟೆ. ಕಾರನ್ನು ನಿಲ್ಲಿಸಬೇಕೆ, ಮುಂದೆ ಹೋಗಬಹುದೆ?

ಉತ್ತರವಿರುವುದು ದೀಪ ಉರಿಯುವ ರೀತಿಯಲ್ಲಿ. ಅದು ಸ್ಥಿರವಾಗಿ ಉರಿಯುತ್ತಿದ್ದು, ಎಂಜಿನ್ನಿನ ಓಟದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಗಾಬರಿಗೆ ಕಾರಣವಿಲ್ಲ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಕೆಟ್ಟಿರಬಹುದು. ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ಸಾಕು. ನಿಧಾನವಾಗಿ ಊರು ಸೇರಿ, ಒಂದೆರಡು ದಿನಗಳಲ್ಲಿ ತೋರಿಸಿದರಾಯಿತು.

ದೀಪ ಮಿನುಗತೊಡಗಿದರೆ ಮಾತು ಬೇರೆ. ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಹಾಗೆಯೇ ಹೊರಬೀಳುತ್ತಿದೆಯೆಂದು ಅರ್ಥ. ಆ ಪೆಟ್ರೋಲು ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಸೇರಿ ಅಲ್ಲಿ ಉರಿಯುತ್ತದೆ. ಪ್ಲಾಟಿನಮ್ಮಿನಂಥ ಬೆಲೆಬಾಳುವ ಲೋಹಗಳನ್ನು ಲೇಪಿಸಿದ ಅದರ ಜೇನುಗೂಡು ಕಾವಿಗೆ ಕರಗಿಹೋಗಲೂಬಹುದು. ಐವತ್ತು ರೂಪಾಯಿಯ ಉಳಿತಾಯಕ್ಕೆ ಮನೆಯ ಒಡವೆ ಮಾರಿದಂತೆ! ಒಡನೆಯೇ ವೇಗ ತಗ್ಗಿಸಬೇಕು. ಮಿನುಗುವುದು ನಿಲ್ಲದಿದ್ದರೆ ಕಾರನ್ನು ಬದಿಗೆ ತಂದು ಎಂಜಿನ್ನನ್ನು ಆರಿಸಬೇಕು. ಆದರೆ ಬೇಸಗೆಯ ಕಾವಲಿನ ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬಾರದು. ಕಾರಿನ ಅಡಿಯಲ್ಲಿರುವ ಕಾದ ಕನ್ವರ್ಟರ್ ತಗುಲಿದರೆ ಹುಲ್ಲಿಗೆ ಬೆಂಕಿ ಹತ್ತಲು ತಡವಾಗದು.

ಗಿಂಡಿಯಂತೆ ಕಾಣುವ ಕೆಂಪು ದೀಪವನ್ನು ಇದರೊಡನೆ ಬೆರೆಸಬಾರದು. ಅದು ಆಯಿಲಿನ ಒತ್ತಡ ಕುಸಿದ ಸೂಚನೆ. ಅಲ್ಲಿ ‘ಇನ್ನೆರಡು ಮೈಲಿ’ ಎಂಬ ಮಾತಿಲ್ಲ, ಕೂಡಲೇ ನಿಲ್ಲಿಸಬೇಕು.

ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿದಾಗ ಒಂದು ಸಂಕೇತ ಕಾಣುತ್ತದೆ. ‘ಪಿ 0301’ ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ತಪ್ಪು ಸ್ಪಾರ್ಕ್ ಪ್ಲಗ್ಗಿನದೋ, ಕಾಯಿಲಿನದೋ, ಇಂಜೆಕ್ಟರಿನದೋ ಎಂಬುದನ್ನು ಅದು ಹೇಳದು. ನಾಡಿ ಹಿಡಿದ ವೈದ್ಯನಂತೆ ಇನ್ನೂ ಪರೀಕ್ಷಿಸಬೇಕು. ಸಂಕೇತವನ್ನು ಅಳಿಸಿ, ದೀಪವನ್ನು ಆರಿಸಿ, ‘ಸರಿಹೋಯಿತು’ ಎಂದು ಹಣ ಕೇಳುವವರೂ ಉಂಟು. ದೋಷವಿದ್ದಲ್ಲಿ ದೀಪ ಮತ್ತೆ ಹೊತ್ತದಿರುವುದಿಲ್ಲ.

ಹಳೆಯ ಕಾರನ್ನು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಕೀಲಿ ತಿರುಗಿಸಿದೊಡನೆ ಈ ದೀಪ ಬೆಳಗಿ, ಎಂಜಿನ್ನು ಹೊರಟ ಮೇಲೆ ಆರುವುದು ಕ್ರಮ. ಮೊದಲಿಗೇ ಬೆಳಗದಿದ್ದರೆ ಬಲ್ಬು ಹೋಗಿರಬೇಕು, ಇಲ್ಲವೇ ಯಾರೋ ಬೇಕೆಂದೇ ತೆಗೆದಿರಬೇಕು. ಬೆಲೆಯ ಮಾತಿಗೆ ಮೊದಲು ಮಾರುವವರನ್ನು ಆ ವಿಷಯ ಕೇಳುವುದು ಲೇಸು.