ಬಾಯಿಪಾಠವೋ, ಚೀಟಿಯೋ?

ಮಕ್ಕಳೇ, ಸ್ವಾತಂತ್ರ್ಯ ದಿನದ ಭಾಷಣವನ್ನು ವಾರವಿಡೀ ಉರು ಹೊಡೆದಿರುತ್ತೀರಿ. ಕನ್ನಡಿಯ ಮುಂದೆ ಒಂದಕ್ಷರವೂ ತಪ್ಪುವುದಿಲ್ಲ. ವೇದಿಕೆ ಹತ್ತಿ ‘ಮಾನ್ಯ ಅಧ್ಯಕ್ಷರೇ’ ಎಂದು ಶುರು ಮಾಡಿದರೆ, ನಾಲ್ಕನೇ ವಾಕ್ಯಕ್ಕೆ ಬರುವಷ್ಟರಲ್ಲಿ ಮುಂದಿನದು ಮಾಯ! ಹೀಗಾದರೆ ನಾಚಿಕೊಳ್ಳಬೇಡಿ. ದೊಡ್ಡವರಿಗೂ ಹೀಗಾಗಿದೆ.

1904ರ ಏಪ್ರಿಲ್ ತಿಂಗಳು. ಬ್ರಿಟನ್ನಿನ ಸಂಸತ್ತಿನಲ್ಲಿ 29 ವರ್ಷದ ವಿನ್‌ಸ್ಟನ್ ಚರ್ಚಿಲ್ ಮಾತನಾಡುತ್ತಿದ್ದರು. ಭಾಷಣವೆಲ್ಲ ಬಾಯಿಪಾಠ. ಒಂದು ವಾಕ್ಯದ ನಡುವೆಯೇ ಮಾತು ನಿಂತುಹೋಯಿತು. ಎಷ್ಟು ತಡಕಾಡಿದರೂ ಮುಂದಿನ ಪದ ಸಿಗದೆ, ಕೇಳಿದ್ದಕ್ಕೆ ವಂದನೆ ಹೇಳಿ ಕುಳಿತುಬಿಟ್ಟರು. ಆಮೇಲೆ ಮುಖ್ಯ ಭಾಷಣಗಳಿಗೆಲ್ಲ ಬರೆದ ಹಾಳೆ ಅವರ ಕೈಯಲ್ಲಿರುತ್ತಿತ್ತು. ಮುಂದೆ ಅವರೇ ಹೆಸರಾಂತ ಭಾಷಣಕಾರರಾದರು.

ಹಾಗಾದರೆ ನೋಡಿಕೊಂಡು ಓದಿಬಿಡೋಣವೇ? ಶಾಲೆಯ ವರದಿ, ಅತಿಥಿಗಳ ಹೆಸರು, ಅಂಕಿ-ಅಂಶಗಳನ್ನು ಓದುವುದೇ ಸರಿ. ಅಲ್ಲಿ ತಪ್ಪಾಗಬಾರದು. ಆದರೆ ಇಡೀ ಭಾಷಣವನ್ನು ತಲೆ ಎತ್ತದೆ ಓದಿದರೆ ಕೇಳುವವರಿಗೆ ಆಕಳಿಕೆ ಬರುತ್ತದೆ. ಪದ್ಯ ಹೇಳಲು ಬಾಯಿಪಾಠವೇ ಬೇಕು. ಭಾಷಣಕ್ಕೆ ಇನ್ನೊಂದು ದಾರಿಯಿದೆ.

ಅದನ್ನು ನಮ್ಮ ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ನೋಡಬಹುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಮೊದಲೇ ಗೊತ್ತು. ಅದಕ್ಕೆ ಅರ್ಥಧಾರಿ ಹೇಳುವ ಮಾತು ಮಾತ್ರ ಆ ಕ್ಷಣದ್ದು. ಎದುರಿನವರು ಎಂಥ ಪ್ರಶ್ನೆ ಎಸೆದರೂ ನುರಿತ ಅರ್ಥಧಾರಿ ತಡವರಿಸುವುದಿಲ್ಲ. ಅವರು ಕಥೆಯನ್ನು ಅರಗಿಸಿಕೊಂಡಿರುತ್ತಾರೆ, ಮಾತನ್ನು ಉರು ಹೊಡೆದಿರುವುದಿಲ್ಲ.

ನೀವೂ ಹಾಗೆಯೇ ಮಾಡಿ. ಅಂಗೈ ಅಗಲದ ರಟ್ಟಿನ ಚೀಟಿಯಲ್ಲಿ ಹೇಳಬೇಕಾದ ನಾಲ್ಕು ವಿಷಯಗಳನ್ನು ಬರೆದುಕೊಳ್ಳಿ. ಒಂದೊಂದಕ್ಕೂ ಮೂರು-ನಾಲ್ಕು ಪದ ಸಾಕು, ಅಕ್ಷರ ದಪ್ಪಗಿರಲಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಗೆ ಬರಲಿ. ಮೊದಲನೆಯದು ಹೆದರಿಕೆ ಕಳೆಯುತ್ತದೆ, ಕೊನೆಯದು ಎಲ್ಲಿ ನಿಲ್ಲಿಸಬೇಕೆಂದು ತಿಳಿಸುತ್ತದೆ. ನಡುವಿನದನ್ನು ಗೆಳೆಯರಿಗೆ ಹೇಳುವಂತೆ ನಿಮ್ಮದೇ ಮಾತಿನಲ್ಲಿ ಹೇಳಿ. ಮರೆತರೆ ಉಸಿರೆಳೆದುಕೊಂಡು ಚೀಟಿ ನೋಡಿ. ಯಾರೂ ನಗುವುದಿಲ್ಲ.

ಯಾರಾದರೂ ಇದ್ದಕ್ಕಿದ್ದಂತೆ ‘ಎರಡು ಮಾತು ಆಡು’ ಎಂದರೆ? ಒಂದೇ ವಿಷಯ, ಅದಕ್ಕೊಂದು ಉದಾಹರಣೆ, ಒಂದು ನಮಸ್ಕಾರ. ಅಷ್ಟೇ ಸಾಕು.

ಅಜ್ಜ-ಅಜ್ಜಿಯರಿಗೂ ಇಲ್ಲೊಂದು ಕೆಲಸವಿದೆ. ಮೊಮ್ಮಗಳು ಅಭ್ಯಾಸ ಮಾಡುವಾಗ ಪುಸ್ತಕ ಹಿಡಿದು ತಪ್ಪು ಹುಡುಕಬೇಡಿ. ನಡುವೆ ತಡೆದು ‘ಅದ್ಯಾಕೆ ಹಾಗೆ, ಮಗಾ?’ ಎಂದು ಕೇಳಿ. ಉತ್ತರ ಹೇಳಿ, ಬಿಟ್ಟಲ್ಲಿಂದಲೇ ಅವಳು ಮುಂದುವರಿಸಿದರೆ ಆ ಭಾಷಣ ಅವಳದಾಯಿತು ಎಂದೇ ಅರ್ಥ.